ಮಂಗಳವಿಲ್ಲದ ಆಟ

(ಹುಬ್ಬಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಪಾಲಕರ ಸಭೆಯಲ್ಲಿ ಮಕ್ಕಳ ಮೊಬೈಲ್ ಬಳಕೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮುಖ್ಯೋಪಾಧ್ಯಾಯರು ಈಗಷ್ಟೇ ನನ್ನನ್ನು ಪರಿಚಯಿಸುತ್ತ, ‘ಮೂವತ್ನಾಲ್ಕು ವರ್ಷ ಮಕ್ಕಳನ್ನು ತಿದ್ದಿದವರು’ ಎಂದರು. ಎಷ್ಟು ಮಕ್ಕಳನ್ನು ತಿದ್ದಿದೆನೋ ಲೆಕ್ಕವಿಟ್ಟಿಲ್ಲ, ಒಂದು ಮಗುವನ್ನು ಕೆಡಿಸಿದ್ದಂತೂ ಚೆನ್ನಾಗಿ ನೆನಪಿದೆ. ಆ ಮಗು ನನ್ನ ಮೊಮ್ಮಗ. ಅವನ ಕಥೆಯಿಂದಲೇ ಶುರು ಮಾಡುತ್ತೇನೆ. ಬುದ್ಧಿ ಹೇಳಲು ಬಂದ ಅಕ್ಕಾವರು ಎಂದು ನೀವು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿರುವುದು ಕಾಣುತ್ತಿದೆ. ಸ್ವಲ್ಪ ಸಡಿಲಾಗಿ ಕುಳಿತುಕೊಳ್ಳಿ.

ನಿವೃತ್ತಿಯಾದ ಮೇಲೆ ನಾನು ಇಲ್ಲಿಯೇ ಮಗನ ಮನೆಯಲ್ಲಿದ್ದೇನೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗನಿಗೆ ಆಗ ಎರಡೂವರೆ ವರ್ಷ, ಮಧ್ಯಾಹ್ನ ಅವನಿಗೆ ಊಟ ಮಾಡಿಸುವ ಪಾಳಿ ನನ್ನದು. ಮೊದಮೊದಲು ಕಾಗೆ ತೋರಿಸಿದೆ, ಗುಬ್ಬಿಯ ಕಥೆ ಹೇಳಿದೆ. ಒಂದು ದಿನ ಮೊಣಕಾಲು ವಿಪರೀತ ನೋಯುತ್ತಿತ್ತು. ಮೊಬೈಲಿನಲ್ಲಿ ಒಂದು ಹಾಡು ಹಾಕಿ ಅವನ ಮುಂದಿಟ್ಟೆ. ಹನ್ನೊಂದು ತುತ್ತು ಮೊಸರನ್ನ ಎಂಟು ನಿಮಿಷದಲ್ಲಿ ಇಳಿದುಹೋಯಿತು. ನನಗೆ ಆದ ಸಮಾಧಾನ ಹೇಳತೀರದು. ಮರುದಿನವೂ ಹಾಗೆಯೇ ಮಾಡಿದೆ. ಮೂರು ತಿಂಗಳಾಗುವ ಹೊತ್ತಿಗೆ ಹಾಡು ಶುರುವಾದರೆ ಬಾಯಿ ತಾನಾಗಿ ತೆರೆಯುತ್ತಿತ್ತು, ಹಾಡು ನಿಂತರೆ ಮುಚ್ಚುತ್ತಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟೂ ಇಲ್ಲ, ಫೋನಿನಲ್ಲಿ ಚಾರ್ಜೂ ಇಲ್ಲ. ಹುಡುಗ ತಟ್ಟೆಯನ್ನು ಹೊಸದಾಗಿ ನೋಡುವವನಂತೆ ನೋಡಿದ. ತುತ್ತನ್ನು ನಾಲಿಗೆಯ ತುದಿಯಿಂದ ಮುಟ್ಟಿ, ‘ಇದು ಏನು ಅಜ್ಜಿ?’ ಎಂದು ಕೇಳಿದ. ಮೂರು ತಿಂಗಳಿನಿಂದ ದಿನವೂ ತಿಂದದ್ದು ಮೊಸರನ್ನವೆಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಬಿಡಿಸಲು ಒಂಬತ್ತು ದಿನ ಹಿಡಿಯಿತು. ಮೊದಲ ನಾಲ್ಕು ದಿನ ಓಣಿಯವರೆಲ್ಲ ಬಂದು ಏನಾಯಿತೆಂದು ವಿಚಾರಿಸುವಷ್ಟು ಅಳು. ಐದನೆಯ ದಿನ ಬೇರೆ ದಾರಿ ಕಾಣದೆ, ರೊಟ್ಟಿ ಬಡಿಯುವಾಗ ಅವನನ್ನು ಪಕ್ಕದಲ್ಲಿಯೇ ಕೂರಿಸಿಕೊಂಡು ನಿಂಬೆಹಣ್ಣಿನಷ್ಟು ಹಿಟ್ಟಿನ ಉಂಡೆಯನ್ನು ಅವನ ಮುಂದಿಟ್ಟೆ. ಅವನು ಎರಡೂ ಅಂಗೈಯಿಂದ ಬಡಿದ. ಹಿಟ್ಟು ಮೊಣಕೈವರೆಗೆ, ಮೂಗಿಗೆ, ನನ್ನ ಸೀರೆಗೆ. ಒಂದು ಕಡೆ ದಪ್ಪ, ಒಂದು ಕಡೆ ತೂತು ಬಿದ್ದ ಆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಬೇಯಿಸಿಕೊಟ್ಟೆ. ಅರ್ಧ ಸೀದಿತ್ತು. ಅದನ್ನು ಯಾರಿಗೂ ಕೊಡದೆ, ಬೆಲ್ಲ ತುಪ್ಪ ಹಚ್ಚಿಸಿಕೊಂಡು ಪೂರ್ತಿ ತಿಂದ. ಆ ದಿನ ನನಗೆ ಹೊಳೆದದ್ದನ್ನೇ ಇವತ್ತು ಹೇಳಲು ಬಂದಿದ್ದೇನೆ: ಆ ನಾಲ್ಕು ದಿನ ನಾನು ಅವನ ಕೈಯಿಂದ ಒಂದು ವಸ್ತುವನ್ನು ಕಿತ್ತುಕೊಂಡಿದ್ದೆ, ಕೈಗೆ ಏನನ್ನೂ ಕೊಟ್ಟಿರಲಿಲ್ಲ.

ಈ ಫೋನು ನಮ್ಮ ಮನೆಗಳಿಗೆ ಬಂದ ಬಗೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ ಬಂತು, ವಿದ್ಯಾಗಮ ಎಂದು ನಾವು ಗುಡಿಯ ಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋಗಿ ಕಲಿಸಿದೆವು. ಅದರ ಜೊತೆಗೆ ಮನೆಮನೆಗೆ ಹೋಗಿ ‘ಹೇಗಾದರೂ ಮಾಡಿ ಒಂದು ದೊಡ್ಡ ಫೋನು ಕೊಡಿಸಿ, ಇಲ್ಲವಾದರೆ ಮಗು ಹಿಂದೆ ಬೀಳುತ್ತದೆ’ ಎಂದು ಹೇಳಿದವರೂ ನಾವೇ. ನಾನಿದ್ದ ಊರಿನಲ್ಲಿ ಒಬ್ಬರು ಎರಡು ಆಡು ಮಾರಿ ಫೋನು ತಂದರು. ಶಾಲೆ ಮತ್ತೆ ತೆರೆಯಿತು, ಮಕ್ಕಳು ಶಾಲೆಗೆ ಬಂದರು, ಫೋನು ಮಾತ್ರ ಅಂಗಡಿಗೆ ತಿರುಗಿ ಹೋಗಲಿಲ್ಲ. ಇವತ್ತಿಗೂ ಮನೆಪಾಠ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುತ್ತದೆ. ಮಗು ‘ಹೋಂವರ್ಕ್ ನೋಡಬೇಕು’ ಎಂದು ಫೋನು ಕೇಳಿದರೆ ತಾಯಿ ಇಲ್ಲವೆನ್ನುವುದು ಹೇಗೆ? ಇಲ್ಲಿರುವ ಶಿಕ್ಷಕರಿಗೆ ಮೊದಲ ವಿನಂತಿ ಇದೇ. ಮನೆಪಾಠವನ್ನು ಹಲಗೆಯ ಮೇಲೆ ಬರೆಯಿರಿ, ಮಕ್ಕಳು ಪಟ್ಟಿಯಲ್ಲಿ ಬರೆದುಕೊಳ್ಳಲಿ. ಅರ್ಧ ಜಗಳ ಅಲ್ಲಿಗೇ ತಪ್ಪುತ್ತದೆ.

ಎಷ್ಟು ಹೊತ್ತು ನೋಡಬಹುದು ಎಂದು ಎಲ್ಲರೂ ಕೇಳುತ್ತೀರಿ. ವೈದ್ಯರು ಹೇಳುವುದನ್ನು ಹೇಳಿಬಿಡುತ್ತೇನೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಯಾವ ಪರದೆಯೂ ಬೇಡ. ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡು ಗಡಿಯಾರ ಹಿಡಿದು ಕಾಯಬೇಡಿ ಎಂಬುದು ಮಾತ್ರ ನನ್ನ ಮಾತು. ಗೋವಾದಲ್ಲಿರುವ ಸೋದರಮಾವನ ಜೊತೆ ವಿಡಿಯೊದಲ್ಲಿ ಹರಟಿದ ಅರ್ಧ ಗಂಟೆಯೂ, ಒಬ್ಬನೇ ಮೂಲೆಯಲ್ಲಿ ಕುಳಿತು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕಳೆದ ಅರ್ಧ ಗಂಟೆಯೂ ಒಂದೇ ಅಲ್ಲ. ಆ ಹೊತ್ತಿನಲ್ಲಿ ಮಗು ಏನನ್ನು ಬಿಟ್ಟಿತು ಎಂದು ನೋಡಿ. ನಿದ್ದೆ ಬಿಟ್ಟಿತೇ, ಆಟ ಬಿಟ್ಟಿತೇ, ನಿಮ್ಮ ಜೊತೆಗಿನ ಮಾತು ಬಿಟ್ಟಿತೇ?

ಕಣ್ಣಿನ ವಿಷಯ ಎರಡೇ ಮಾತು. ನಿಮಿಷಕ್ಕೆ ಹದಿನೈದರಷ್ಟು ಸಲ ಬಡಿಯುವ ರೆಪ್ಪೆ ಪರದೆಯ ಮುಂದೆ ಅದರ ಅರ್ಧಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಕಣ್ಣು ಒಣಗುವುದು, ಉರಿಯುವುದು ಅದರಿಂದಲೇ. ಇನ್ನೊಂದು, ಹಗಲು ಬೆಳಕಿನಲ್ಲಿ ಹೊರಗೆ ಕಳೆಯುವ ಹೊತ್ತು ಹೆಚ್ಚಿದ್ದರೆ ಸಮೀಪದೃಷ್ಟಿ ಬರುವ ಸಂಭವ ಕಡಿಮೆ. ಕನ್ನಡಕದ ಅಂಗಡಿಗೆ ಹೋಗುವ ಮೊದಲು ಉಣಕಲ್ ಕೆರೆಯ ದಂಡೆಗೆ ಹೋಗಿ ಬನ್ನಿ, ಖರ್ಚು ಕಡಿಮೆ. ಹಾಗೆಂದು ಹಲಗೆಯ ಅಕ್ಷರ ಕಾಣುವುದಿಲ್ಲ ಎಂದು ಮಗು ಹೇಳಿದರೆ ಮಾತ್ರ ಕೆರೆಗೆ ಹೋಗಬೇಡಿ, ಕಣ್ಣಿನ ವೈದ್ಯರ ಹತ್ತಿರವೇ ಹೋಗಿ.

‘ಚಟ’ ಎಂಬ ಶಬ್ದವನ್ನು ನಾವು ಬಹಳ ಸಲೀಸಾಗಿ ಬಳಸುತ್ತಿದ್ದೇವೆ. ಮಗುವಿನ ಎದುರಿಗೇ ಬಂದವರಿಗೆಲ್ಲ ‘ಇವನಿಗೆ ಮೊಬೈಲ್ ಚಟ ಹಿಡಿದಿದೆ’ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಯೆಂದು ಪಟ್ಟಿಗೆ ಸೇರಿಸಿರುವುದು ನಿಜ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಲಕ್ಷಣಗಳಿವೆ. ಹಿಡಿತ ತಪ್ಪಿರಬೇಕು, ಊಟ, ನಿದ್ದೆ, ಓದು, ಗೆಳೆತನ ಎಲ್ಲವನ್ನೂ ಆಟ ನುಂಗಿರಬೇಕು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲು ಆಗದಿರಬೇಕು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿರಬೇಕು. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ ಬೈಯುವುದರಿಂದ ಏನೂ ಆಗದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಅಲ್ಲಿಗೆ ಹೋಗಲು ನಾಚಿಕೆ ಬೇಡ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆಗೆ ದುಡ್ಡಿಲ್ಲ. ಉಳಿದ ಬಹುಪಾಲು ಮಕ್ಕಳಿಗೆ ಚಟವಿಲ್ಲ, ಸಂಜೆ ಮಾಡಲು ಕೆಲಸವಿಲ್ಲ, ಅಷ್ಟೇ.

ಈಗ ಒಂದು ಪ್ರಶ್ನೆ. ನಮ್ಮ ಕಡೆಯ ದೊಡ್ಡಾಟವನ್ನು ರಾತ್ರಿಯಿಡೀ ಕುಳಿತು ನೋಡಿದವರು ಇಲ್ಲಿ ಯಾರಿದ್ದೀರಿ? (ಹಿಂದಿನ ಸಾಲಿನಲ್ಲಿ ಅಜ್ಜಂದಿರ ಏಳೆಂಟು ಕೈಗಳು ಎದ್ದವು.) ಬೆಳಗಿನ ಜಾವ ಆಟ ಮುಗಿಯುವುದು ಹೇಗೆ? ಮಂಗಳ ಹಾಡುತ್ತಾರೆ. ಮಂಗಳ ಕಿವಿಗೆ ಬಿದ್ದ ಕೂಡಲೇ ಜನ ಕಂಬಳಿ ಕೊಡವಿ, ನಿದ್ದೆಯಲ್ಲಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಏಳುತ್ತಾರೆ. ಭಜನೆಗೂ ಮಂಗಳವಿದೆ, ಪುರಾಣ ಪ್ರವಚನಕ್ಕೂ ಇದೆ. ಸಿನಿಮಾಕ್ಕೆ ‘ಶುಭಂ’ ಇತ್ತು. ಮೊಬೈಲಿಗೆ ಮಂಗಳವೇ ಇಲ್ಲ. ಒಂದು ವಿಡಿಯೊ ಮುಗಿಯುವ ಮೊದಲೇ ಮುಂದಿನದು ಅಂಗಳದಲ್ಲಿ ನಿಂತಿರುತ್ತದೆ, ಮಗು ಬೆರಳೆತ್ತುವುದರೊಳಗೆ ಅದು ಒಳಗೆ ಬಂದಾಗಿರುತ್ತದೆ. ಇದು ಅಕಸ್ಮಾತ್ ಆದದ್ದಲ್ಲ, ಹಾಗೆಂದೇ ಕಟ್ಟಿದ್ದಾರೆ. ನೋಡುವವರು ಎಷ್ಟು ಹೊತ್ತು ಕುಳಿತರೋ ಅಷ್ಟು ಜಾಹೀರಾತು, ಅಷ್ಟು ದುಡ್ಡು. ನಾವು ದೊಡ್ಡವರೇ ಹತ್ತು ನಿಮಿಷವೆಂದು ಹಿಡಿದು ಒಂದೂವರೆ ಗಂಟೆಯ ನಂತರ ತಲೆಯೆತ್ತುತ್ತೇವೆ. ಏಳು ವರ್ಷದ ಮಗು ತಾನಾಗಿ ನಿಲ್ಲಿಸಲಿ ಎಂದು ಬಯಸುವುದು ನ್ಯಾಯವೇ? ಮಂಗಳ ಹಾಡುವ ಕೆಲಸ ಮನೆಯವರದು.

ಅದನ್ನು ಹಾಡುವ ಬಗೆ ಇದೆ. ಮೊದಲು ವಿಡಿಯೊಗಳು ತಾವಾಗಿ ಮುಂದುವರಿಯುವ ಆ ಗುಂಡಿಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ಬಂದ್ ಮಾಡಿಬಿಡಿ, ಅರ್ಧ ನಿಮಿಷದ ಕೆಲಸ. ‘ಇನ್ನು ಐದೇ ನಿಮಿಷ’ ಎನ್ನಬೇಡಿ. ನಾಲ್ಕು ವರ್ಷದ ಮಗುವಿಗೆ ಐದು ನಿಮಿಷವೆಂದರೆ ಏನು ಗೊತ್ತು? ‘ಈ ಆನೆಯ ಕಥೆ ಮುಗಿದ ಮೇಲೆ’ ಎಂದರೆ ಗೊತ್ತಾಗುತ್ತದೆ. ಮುಗಿದ ಮೇಲೆ ಕಿತ್ತುಕೊಳ್ಳದೆ, ಅದರ ಕೈಯಿಂದಲೇ ಆರಿಸಲು ಹೇಳಿ, ಅದರ ಕೈಯಿಂದಲೇ ಫೋನನ್ನು ಗೋಡೆಯ ಗೂಡಿನಲ್ಲಿ ಇಡಿಸಿ. ಅದಕ್ಕಿಂತ ಮುಖ್ಯ, ಮುಂದಿನ ಕೆಲಸ ಆಗಲೇ ಸಿದ್ಧವಾಗಿರಬೇಕು. ನಮ್ಮ ಮನೆಯಲ್ಲಿ ಅದು ಗಿರಣಿ. ಮಗ ಕೆಲಸದಿಂದ ಬಂದ ಕೂಡಲೇ ಜೋಳದ ಡಬ್ಬಿ ಹಿಡಿದು ಮೊಮ್ಮಗನನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋಗುತ್ತಾನೆ. ಅಲ್ಲಿ ಪಟ್ಟಾ ತಿರುಗುವ ಸದ್ದು, ಗಿರಣಿಯವರ ಬೆಳ್ಳಗಾದ ಹುಬ್ಬು, ಡಬ್ಬಿಗೆ ಬೀಳುವ ಬಿಸಿ ಹಿಟ್ಟು. ಬರುವಾಗ ಆ ಬೆಚ್ಚಗಿನ ಡಬ್ಬಿಯನ್ನು ತಬ್ಬಿಕೊಂಡೇ ಬರುತ್ತಾನೆ. ವಾರಕ್ಕೆ ಒಮ್ಮೆ ಬೀಸಿಸುತ್ತಿದ್ದ ಜೋಳವನ್ನು ನಾವು ಈಗ ಮೂರು ಪಾಲು ಮಾಡಿ ಮೂರು ಸಲ ಬೀಸಿಸುತ್ತೇವೆ. ಗಿರಣಿಯವರಿಗೆ ನಮ್ಮ ಮೇಲೆ ಅನುಮಾನ ಬಂದಿದೆ.

ಇನ್ನೊಂದು ಮಾತು. ‘ಲೆಕ್ಕ ಮಾಡಿ ಮುಗಿಸಿದರೆ ಅರ್ಧ ಗಂಟೆ ಮೊಬೈಲ್’ ಎಂಬ ಒಪ್ಪಂದ ಎಷ್ಟೋ ಮನೆಗಳಲ್ಲಿದೆ. ನನಗೆ ಅದು ಸೇರುವುದಿಲ್ಲ. ಅದರಿಂದ ಲೆಕ್ಕ ಶಿಕ್ಷೆಯಾಗುತ್ತದೆ, ಮೊಬೈಲ್ ಬಹುಮಾನವಾಗುತ್ತದೆ. ಊಟ ಮಾಡುವಾಗ, ಮಲಗುವ ಕೋಣೆಯಲ್ಲಿ ಫೋನಿಲ್ಲ ಎಂಬ ಎರಡೇ ನಿಯಮ ಇಟ್ಟುಕೊಳ್ಳಿ ಸಾಕು. ಆದರೆ ಆ ನಿಯಮ ಅಪ್ಪನಿಗೂ ಅಜ್ಜಿಗೂ ಅನ್ವಯಿಸಬೇಕು. ನಮ್ಮಲ್ಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರ ಫೋನೂ ಖಾಲಿ ರೊಟ್ಟಿ ಬುಟ್ಟಿಗೆ ಬೀಳುತ್ತವೆ. ಬಟ್ಟೆ ಮುಚ್ಚುವವನು ಮೊಮ್ಮಗ. ನಾನೊಮ್ಮೆ ಧಾರಾವಾಹಿ ನೋಡಲೆಂದು ಮೆಲ್ಲಗೆ ಕೈ ಹಾಕಿ ಸಿಕ್ಕಿಬಿದ್ದಿದ್ದೇನೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಊರಿದೆ. ಅಲ್ಲಿ 2022ರಿಂದ ಸಂಜೆ ಏಳಕ್ಕೆ ಗುಡಿಯ ಮೇಲಿನಿಂದ ಸೈರನ್ ಕೂಗುತ್ತದೆ. ಊರಿನವರೆಲ್ಲ ಟಿ.ವಿ., ಮೊಬೈಲ್ ಆರಿಸುತ್ತಾರೆ, ಎಂಟೂವರೆಗೆ ಮತ್ತೆ ಕೂಗಿದ ಮೇಲೆಯೇ ಹಚ್ಚುತ್ತಾರೆ. ಹುಬ್ಬಳ್ಳಿಯಲ್ಲಿ ಸೈರನ್ ಕೂಗಿಸಿದರೆ ಏನಾಗುತ್ತದೆಂದು ನನಗೂ ಗೊತ್ತಿದೆ, ಇರುವ ಹಾರ್ನುಗಳ ಗದ್ದಲಕ್ಕೆ ಇನ್ನೊಂದು ಸೇರುತ್ತದೆ. ನನಗೆ ಅಲ್ಲಿ ಮೆಚ್ಚಿಗೆಯಾದದ್ದು ಸೈರನ್ನಿಗಿಂತ ‘ಎಲ್ಲರೂ’ ಎಂಬ ಮಾತು. ಒಂದೇ ಮನೆಯಲ್ಲಿ ಫೋನು ಆರಿಸಿದರೆ ಮಗು ಹೊರಗೆ ಹೋಗಿ ಯಾರ ಜೊತೆ ಆಡಬೇಕು? ಉಳಿದವರೆಲ್ಲ ಒಳಗೇ ಇರುತ್ತಾರಲ್ಲ. ‘ಅವನ ಮನೆಯಲ್ಲಿ ಕೊಡುತ್ತಾರೆ’ ಎಂಬ ವಾದಕ್ಕೆ ಯಾವ ತಾಯಿಯ ಹತ್ತಿರವೂ ಉತ್ತರವಿಲ್ಲ. ನಾಲ್ಕನೆಯ ತರಗತಿಯ ಮೂವತ್ತು ಮನೆಗಳು ಮಾತಾಡಿಕೊಂಡು ಐದರಿಂದ ಏಳರವರೆಗೆ ಯಾರ ಮನೆಯಲ್ಲೂ ಇಲ್ಲ ಎಂದುಕೊಂಡರೆ ಆ ವಾದ ತಾನಾಗಿ ಬೀಳುತ್ತದೆ. ಹಾಗೆ ಮಾತಾಡಿಕೊಳ್ಳಲು ಒಂದು ಜಾಗ ಬೇಕು. ಆ ಜಾಗ ಶಾಲೆ.

ಇಲ್ಲಿ ಒಂದು ಕಥೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಶಿಗ್ಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನಿದ್ದಾಗ ಮಕ್ಕಳ ಸಂತೆ ಮಾಡಿದ್ದೆವು. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಒಬ್ಬೊಬ್ಬರಿಗೆ ಒಂದೊಂದು ಗೋಣಿಚೀಲದಷ್ಟು ಜಾಗ. ಬದನೆಕಾಯಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು, ಮಜ್ಜಿಗೆ, ಇಬ್ಬರು ಹುಡುಗಿಯರದು ಗಿರಮಿಟ್ಟು. ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮನೆಯಲ್ಲಿ ಸದಾ ಫೋನಿನ ಆಟ, ಶಾಲೆಯಲ್ಲಿ ಸದಾ ನಿದ್ದೆ. ಅವನು ತಂದದ್ದು ಇಪ್ಪತ್ನಾಲ್ಕು ಸೂಡು ಮೆಂತೆ ಪಲ್ಯೆ. ಮೊದಲ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಪಕ್ಕದವಳ ಕೊತ್ತಂಬರಿ ಖಾಲಿಯಾಗುತ್ತ ಬಂತು, ಇವನ ಮೆಂತೆ ಬಿಸಿಲಿಗೆ ಬಾಡತೊಡಗಿತು. ಅವಳೇ ಕನಿಕರದಿಂದ ತನ್ನ ತಂಬಿಗೆಯ ನೀರನ್ನು ಇವನ ಸೂಡುಗಳ ಮೇಲೆ ಚಿಮುಕಿಸಿ, ‘ಕೂಗೋ, ಸುಮ್ಮನೆ ಕುಳಿತರೆ ಯಾರು ಬರುತ್ತಾರೆ?’ ಎಂದಳು. ಆಮೇಲೆ ಕೂಗಿದ. ಹತ್ತು ರೂಪಾಯಿಗೆ ಎರಡು ಸೂಡು ಎಂದು ಅವನು ಕೂಗಿದ ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಒಬ್ಬ ಅಜ್ಜಿ ಬಂದಳು. ‘ಹತ್ತಕ್ಕೆ ಮೂರು ಕೊಡು ತಮ್ಮಾ.’ ‘ಎರಡೇ ಅಜ್ಜಿ.’ ‘ಶಿಗ್ಗಾವಿ ಸಂತೆಯಲ್ಲಿ ಮೂರು ಕೊಡುತ್ತಾರೆ.’ ‘ಹಾಗಾದರೆ ಶಿಗ್ಗಾವಿಗೇ ಹೋಗು.’ ಸುತ್ತಲಿನವರು ನಕ್ಕರು, ಅಜ್ಜಿ ಸೆರಗು ಕೊಡವಿ ನಡೆದೇಬಿಟ್ಟಳು. ಹುಡುಗ ಒಂದು ಕ್ಷಣ ನೋಡಿದವನೇ ಮೂರು ಸೂಡು ಹಿಡಿದು ಹಿಂದೆ ಓಡಿದ. ‘ಅಜ್ಜೀ, ಒಂದು ಸಣ್ಣ ಸೂಡು ಸಿಕ್ಕಿದೆ, ತೆಗೆದುಕೋ.’ ಸಂತೆ ಮುಗಿದಾಗ ಅವನ ಕೈಯಲ್ಲಿ ನೂರಾ ಹತ್ತು ರೂಪಾಯಿ ಇತ್ತು. ನೂರಾ ಇಪ್ಪತ್ತು ಬರಬೇಕಿತ್ತಲ್ಲ, ಹತ್ತು ಎಲ್ಲಿ ಹೋಯಿತು? ಗುಣಾಕಾರವೆಂದರೆ ಓಡಿಹೋಗುತ್ತಿದ್ದವನು ಸುಣ್ಣದ ಕಡ್ಡಿಯಿಂದ ಕಟ್ಟೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ಕೊನೆಗೆ ಕಂಡುಹಿಡಿದ. ಒಂದು ಸೂಡು ಆ ಅಜ್ಜಿಗೆ, ಇನ್ನೊಂದು ಸೂಡು ಬಿಸಿಯೂಟದ ಅಡುಗೆಯವರಿಗೆ ಹೆಚ್ಚುವರಿಯಾಗಿ ಹೋಗಿತ್ತು. ಅಡುಗೆಯವರು ಚೌಕಾಸಿಯಲ್ಲಿ ಅವನಿಗಿಂತ ಗಟ್ಟಿಗರು.

ಅಂದಿನಿಂದ ಹುಡುಗ ಬದಲಾಗಿಬಿಟ್ಟ ಎಂದು ಹೇಳಿದರೆ ಸುಳ್ಳಾದೀತು. ಅದೇ ರಾತ್ರಿ ಮತ್ತೆ ಫೋನು ಹಿಡಿದನಂತೆ. ಆದದ್ದು ಬೇರೆ ಕಡೆಯಿಂದ. ಅವನ ಅಪ್ಪ ಗೌಂಡಿ. ಮೂರು ಸಲ ಪಾಲಕರ ಸಭೆಗೆ ಚೀಟಿ ಕಳಿಸಿದರೂ ಬಂದವರಲ್ಲ. ಬಂದರೆ ಮಗನ ಮೇಲಿನ ದೂರು ಕೇಳಬೇಕು, ಯಾಕೆ ಬರುತ್ತಾರೆ? ಸಂತೆಯ ದಿನ ಮಾತ್ರ ಬುಟ್ಟಿ ಹೊರಲು ಬಂದಿದ್ದರು. ಬಂದವರು ಜೋತುಬಿದ್ದ ಪೆಂಡಾಲಿನ ಹಗ್ಗ ಬಿಗಿದರು, ಮಜ್ಜಿಗೆ ಕುಡಿದರು, ಹೋಗುವಾಗ ಬೇವಿನ ಮರದ ಸುತ್ತಲಿನ ಬಿರುಕು ಬಿಟ್ಟ ಕಟ್ಟೆಯನ್ನು ಕಾಲಿನಿಂದ ಒತ್ತಿ ನೋಡಿ, ‘ಅಕ್ಕಾವರೇ, ಸಿಮೆಂಟು ತರಿಸಿದರೆ ನಾನು ಕಟ್ಟಿಕೊಡುತ್ತೇನೆ’ ಎಂದರು. ಕೂಲಿ ಮುಗಿಸಿ ಸಂಜೆ ಬಂದು ಹದಿನೈದು ದಿನ ಕಟ್ಟಿದರು. ಇಟ್ಟಿಗೆ ಕೊಡುವವನು ಮಗ. ಅವನ ಹಿಂದೆ ಇನ್ನೂ ನಾಲ್ವರು. ಕಟ್ಟೆ ಒಣಗಿದ ಮೇಲೆ ಅದರ ಮೇಲೆ ಹುಲಿಘಟ್ಟದ ಮನೆ ಕೊರೆದವರೂ ಅವರೇ. ನಾನು ಆ ಊರು ಬಿಡುವವರೆಗೂ ಸಂಜೆ ಅಲ್ಲಿ ಹುಲಿಗೂ ಕುರಿಗೂ ಜಗಳ ನಡೆಯುತ್ತಲೇ ಇತ್ತು. ಆ ಹದಿನೈದು ಸಂಜೆ ಅವನು ಫೋನು ಕೇಳಲಿಲ್ಲ ಎಂದು ಅವನ ಅವ್ವ ಆಮೇಲೆ ಹೇಳಿದಳು. ಕೇಳಬೇಡ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಅದಕ್ಕೇ ಪಾಲಕರನ್ನು ಕೇಳುಗರಾಗಿ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳುತ್ತಿರುತ್ತೇನೆ. ಗ್ಯಾದರಿಂಗ್ ನೋಡಿ. ಸ್ನೇಹ ಸಮ್ಮೇಳನ ಎಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ, ಅಲ್ಲಿ ಸ್ನೇಹ ಎಲ್ಲಿದೆ? ಮಗುವಿನ ನೃತ್ಯ ಬಂದಾಗ ಅಪ್ಪ ಅವ್ವ ಎದ್ದು ಮುಂದೆ ನುಗ್ಗಿ ವಿಡಿಯೊ ಮಾಡುತ್ತಾರೆ, ಹಿಂದೆ ಕುಳಿತವರಿಗೆ ಕಾಣುವುದು ಅವರ ಬೆನ್ನು. ಮುಗಿದ ಕೂಡಲೇ ಬಣ್ಣ ಹಚ್ಚಿದ ಮಗುವನ್ನು ಎತ್ತಿಕೊಂಡು ಮನೆಗೆ. ಪರರ ಮಕ್ಕಳ ನಾಟಕಕ್ಕೆ ಕುರ್ಚಿಗಳಷ್ಟೇ ಪ್ರೇಕ್ಷಕರು. ಒಂದು ಕೆಲಸ ಮಾಡಿ. ಇಬ್ಬರು ಪಾಲಕರನ್ನು ನೇಮಿಸಿ, ಅವರು ಎಲ್ಲರ ಮಕ್ಕಳನ್ನೂ ಚಿತ್ರಿಸಿ ಕಳಿಸಲಿ, ಉಳಿದವರು ಎರಡೂ ಕೈಯಿಂದ ಚಪ್ಪಾಳೆ ತಟ್ಟಲಿ. ಇನ್ನೊಂದು ಗೊಣಗಾಟವಿದೆ, ಕ್ಷಮಿಸಿ. ಎರಡು ನಿಮಿಷದ ನೃತ್ಯಕ್ಕೆ ಬಾಡಿಗೆ ಉಡುಪಿಗೆ ಎಷ್ಟು ಸುರಿಯುತ್ತೀರಿ! ಕೂಲಿ ಮಾಡುವ ಮನೆಯ ಮಗು ಆ ಕಾರಣಕ್ಕೇ ‘ನನಗೆ ಕುಣಿಯಲು ಬರುವುದಿಲ್ಲ’ ಎಂದು ಸುಳ್ಳು ಹೇಳುತ್ತದೆ. ಅದನ್ನು ಎಷ್ಟೋ ಸಲ ನನ್ನ ಕಿವಿಯಿಂದ ಕೇಳಿದ್ದೇನೆ.

ದುಡ್ಡಿಲ್ಲದೆ ಆಗುವುದು ನಮ್ಮ ಸುತ್ತ ಬೇಕಾದಷ್ಟಿದೆ. ತಿಂಗಳಿಗೊಂದು ಶನಿವಾರ ಪಾಟೀಚೀಲವಿಲ್ಲದ ‘ಸಂಭ್ರಮ ಶನಿವಾರ’ ಇದೆ, ಆ ದಿನ ಯಾರಾದರೂ ಅಜ್ಜ ಬಂದು ಬುಗುರಿಗೆ ಜಾಳಿಗೆ ಸುತ್ತುವುದನ್ನು ಕಲಿಸಬಾರದೇ? ಪಂಚಮಿಗೆ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುವುದು ಈಗಿನ ಎಷ್ಟು ಮಕ್ಕಳಿಗೆ ಬರುತ್ತದೆ? ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ, ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಧಾರವಾಡದಲ್ಲಿ ಬಾಲವಿಕಾಸ ಅಕಾಡೆಮಿಯಿದೆ. ರಂಗಾಯಣದವರು ಬೇಸಿಗೆಯಲ್ಲಿ ಚಿಣ್ಣರ ಮೇಳ ಮಾಡುತ್ತಾರೆ. ಚಳಿಗಾಲದಲ್ಲಿ ಒಂದು ಟೆಂಪೊ ಮಾಡಿಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿದಿರುತ್ತವೆ. 2024ರಲ್ಲಿ ಆ ಕೆರೆಗೆ, ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆಯೂ ಸಿಕ್ಕಿದೆ. ಅವು ಗುಂಪಾಗಿ ಹೊಲದ ಕಡೆಗೆ ಹಾರುವುದನ್ನು ಕೆರೆಯ ದಂಡೆಯಲ್ಲಿ ನಿಂತು ಒಮ್ಮೆ ನೋಡಬೇಕು, ಮೂವತ್ತು ಮಕ್ಕಳು ಒಟ್ಟಿಗೆ ಉಸಿರು ಹಿಡಿಯುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಚೀರುತ್ತಾರೆ, ಅದು ಬೇರೆ ಮಾತು.

ನನ್ನ ಮಾತು ಇಷ್ಟೇ ಇತ್ತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆದಿದ್ದೇನೆ.

ಒಬ್ಬ ತಂದೆ ಫೋನಿಗೆ ಬೀಗ ಹಾಕುವ ಆ್ಯಪ್‌ಗಳ ಬಗ್ಗೆ ಕೇಳಿದರು. ಸಣ್ಣ ಮಕ್ಕಳಿಗೆ ಅವು ಉಪಯೋಗಕ್ಕೆ ಬರುತ್ತವೆ. ಗೂಗಲ್‌ನ ಫ್ಯಾಮಿಲಿ ಲಿಂಕ್‌ನಂಥವು ಪುಕ್ಕಟೆಯಾಗಿ ಸಿಗುತ್ತವೆ, ಯಾವ ಆ್ಯಪ್ ಎಷ್ಟು ಹೊತ್ತು ಎಂದು ಗೊತ್ತು ಮಾಡಬಹುದು, ರಾತ್ರಿ ತಾನಾಗಿ ಮುಚ್ಚುವಂತೆ ಇಡಬಹುದು. ಆದರೆ ಏಳನೆಯ ತರಗತಿಯ ಹುಡುಗನ ಮುಂದೆ ಬೀಗದ ಆಟ ಬಹಳ ದಿನ ನಡೆಯುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಅಪ್ಪನ ಫೋನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮಿರ್ಚಿ ಭಜಿ ತಿಂದ ಬೆರಳು ಗಾಜಿನ ಮೇಲೆ ಬಿಟ್ಟಿದ್ದ ಎಣ್ಣೆಯ ಗೆರೆ ನೋಡಿ ಪ್ಯಾಟರ್ನ್ ತೆರೆದಿದ್ದ. ಆ ವಯಸ್ಸಿನವರ ಜೊತೆ ಕುಳಿತು ಮಾತಾಡಿಯೇ ನಿಯಮ ಮಾಡಬೇಕು, ಅವರು ಹೇಳಿದ್ದರಲ್ಲಿ ಒಂದನ್ನಾದರೂ ಒಪ್ಪಿಕೊಳ್ಳಬೇಕು.

ಒಬ್ಬ ಅಜ್ಜ ಎದ್ದು ನಿಂತು, ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಚಿಣಿಫಣಿ ಆಡುತ್ತಿದ್ದೆವು’ ಎಂದರು. ಬಹಳ ಒಳ್ಳೆಯದಾಯಿತು, ಶನಿವಾರ ಬಂದು ಕಲಿಸಿಕೊಡಿ ಎಂದೆ. ಮೊಣಕಾಲು ಎಂದರು. ಮೊಣಕಾಲು ನನಗೂ ಇದೆ, ಕುರ್ಚಿಯ ಮೇಲೆ ಕುಳಿತೇ ಕಲಿಸಬಹುದು ಎಂದು ಹೇಳಿ ಅವರ ಹೆಸರು ಬರೆದುಕೊಂಡೆವು.

ಮೂರನೆಯ ಪ್ರಶ್ನೆ ಕೇಳಿದವರು ಬಾಗಿಲ ಹತ್ತಿರ ನಿಂತಿದ್ದ ಒಬ್ಬ ತಾಯಿ. ‘ಅಕ್ಕಾವರೇ, ನೀವು ಹೇಳಿದ್ದೆಲ್ಲ ಸಂಜೆ ಮನೆಯಲ್ಲಿ ಇರುವವರಿಗೆ. ನಾನು ಖಾನಾವಳಿಗೆ ರೊಟ್ಟಿ ಮಾಡಲು ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಮನೆಯಲ್ಲಿ ಎರಡು ಹೆಣ್ಣುಮಕ್ಕಳೇ ಇರುತ್ತವೆ. ಫೋನು ಕೊಟ್ಟರೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತವೆ, ನನಗೆ ಧೈರ್ಯ. ನಾನು ಏನು ಮಾಡಲಿ?’ ಎಂದು ಕೇಳಿದರು. ಸಭೆ ಸುಮ್ಮನಾಯಿತು. ಗಿರಣಿ, ರೊಟ್ಟಿ ಬುಟ್ಟಿ ಎಂದು ಅಷ್ಟು ಹೊತ್ತು ಮಾತಾಡಿದ ನನಗೂ ಕೂಡಲೇ ಉತ್ತರ ತೋಚಲಿಲ್ಲ. ನಿಮ್ಮ ಮಾತು ನಿಜ, ಇದು ನೀವೊಬ್ಬರೇ ಮನೆಯೊಳಗೆ ಬಗೆಹರಿಸುವಂಥದ್ದಲ್ಲ, ತಪ್ಪು ನಿಮ್ಮದೂ ಅಲ್ಲ ಎಂದಷ್ಟೇ ಹೇಳಿದೆ.

ಆಗ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೇ ಮಾತು ತೆಗೆದರು. ಶಾಲೆಯ ಗೇಟನ್ನು ನಾಲ್ಕೂವರೆಗೆ ಮುಚ್ಚುವ ಬದಲು ಆರೂವರೆವರೆಗೆ ತೆರೆದಿಟ್ಟರೆ ಹೇಗೆ, ಪಾಳಿಯ ಪ್ರಕಾರ ದಿನಕ್ಕೆ ಇಬ್ಬರು ಪಾಲಕರು ಅಂಗಳದಲ್ಲಿ ಇರಲಿ ಎಂದರು. ಬೀಗದ ಕೈ ಯಾರ ಹತ್ತಿರ, ಮಗು ಬಿದ್ದರೆ ಜವಾಬ್ದಾರಿ ಯಾರದು, ಮಳೆ ಬಂದರೆ ಎಲ್ಲಿ ಎಂದು ಇಪ್ಪತ್ತು ನಿಮಿಷ ವಾದ ನಡೆಯಿತು. ಆರೂವರೆಯಿಂದ ಒಂಬತ್ತರವರೆಗೆ ಆ ಇಬ್ಬರು ಹುಡುಗಿಯರು ಎಲ್ಲಿರಬೇಕು ಎಂಬ ಮಾತಿಗೆ ಅದೇ ಓಣಿಯ ಒಬ್ಬ ಕಾಕೂ, ‘ನಮ್ಮ ಮನೆಯಲ್ಲಿ ಇರಲಿ, ನನ್ನ ಮಗಳಿಗೂ ಜೊತೆಯಾಗುತ್ತದೆ’ ಎಂದರು. ಸದ್ಯ ವಾರಕ್ಕೆ ಮೂರು ದಿನ ಗೇಟು ತೆರೆಯುವುದೆಂದು, ಮುಂದಿನ ತಿಂಗಳು ಮಕ್ಕಳ ಸಂತೆ ಮಾಡುವುದೆಂದು ಗೊತ್ತಾಯಿತು. ನಾನು ಹೊರಡುವ ಹೊತ್ತಿಗೆ ಹೆಸರು ಬರೆಯುವ ಹಾಳೆ ಮೂರನೆಯ ಸಾಲಿಗೆ ಬಂದಿತ್ತು. ತಕ್ಕಡಿ ಎರಡಾಗಿದ್ದವು, ನೆರಳಿಗೆ ತಾಡಪತ್ರಿ ಇನ್ನೂ ಸಿಕ್ಕಿರಲಿಲ್ಲ.